ವಿದ್ಯುತ್ ಸೈಕಲ್ಲಿಗೆ ವೋಲ್ಟು ಹೆಚ್ಚಿಸಬೇಕೆ?

ಕೆಲವು ತಿಂಗಳ ಹಿಂದೆ ಪರಿಚಿತ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಅವರ ಮಗನು ಕಾಲೇಜಿಗೆ ಹೋಗಿಬರುವ ವಿದ್ಯುತ್ ಸೈಕಲ್ಲು ಏರುದಾರಿಯಲ್ಲಿ ನಿಂತುಬಿಡುತ್ತಿತ್ತು. “36 ವೋಲ್ಟಿನ ಬ್ಯಾಟರಿ ತೆಗೆದು 48 ವೋಲ್ಟಿನದನ್ನು ಹಾಕಿಸಿರೆಂದು ಅಂಗಡಿಯವರು ಹೇಳುತ್ತಾರೆ, ತಾವು ಏನನ್ನುತ್ತೀರಿ?” ಎಂದು ಕೇಳಿದರು. ಅವರಿಗೆ ಹೇಳಿದ್ದು ಇತರ ಮನೆಗಳವರಿಗೂ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮಾಳಿಗೆಯ ಮೇಲಿನ ತೊಟ್ಟಿ ಎತ್ತರದಲ್ಲಿದ್ದಷ್ಟೂ ನಲ್ಲಿಯ ನೀರಿಗೆ ಒತ್ತಡ ಹೆಚ್ಚು. ವೋಲ್ಟು ಎಂಬುದು ವಿದ್ಯುತ್ತಿನ ಅಂತಹ ಒತ್ತಡದ ಅಳತೆ. ಆಂಪಿಯರು ಹರಿಯುವ ಪ್ರವಾಹದ ಅಳತೆ. ಎರಡನ್ನೂ ಗುಣಿಸಿದರೆ ದೊರೆಯುವುದು ವಾಟು.

ತಿರುಗುವ ಮೋಟಾರು ತಾನೂ ಒಂದು ಡೈನಮೋದಂತೆ ವರ್ತಿಸಿ, ಬ್ಯಾಟರಿಗೆ ಎದುರಾದ ಒತ್ತಡವನ್ನು ಹುಟ್ಟಿಸುತ್ತದೆ. ವೇಗ ಏರಿದಂತೆ ಈ ಎದುರೊತ್ತಡವೂ ಏರುತ್ತದೆ. ಅದು ಬ್ಯಾಟರಿಯ ಒತ್ತಡವನ್ನು ಸಮೀಪಿಸಿದಾಗ ಪ್ರವಾಹವು ಕ್ಷೀಣಿಸಿ, ವೇಗವು ಅಲ್ಲಿಗೆ ನಿಲ್ಲುತ್ತದೆ. ಆದುದರಿಂದ 36 ವೋಲ್ಟನ್ನು 48ಕ್ಕೆ ಏರಿಸಿದರೆ, ಹೊರೆಯಿಲ್ಲದ ಗಾಲಿಯ ವೇಗವು ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ಆದರೆ ಏರಿನಲ್ಲಿ ಎಳೆಯುವ ಬಲವು ಮೋಟಾರಿನ ಸುರುಳಿಯಲ್ಲಿ ಹರಿಯುವ ಪ್ರವಾಹವನ್ನು ಅವಲಂಬಿಸಿದೆ. ಪ್ರವಾಹ ಇಮ್ಮಡಿಯಾದರೆ ಸುರುಳಿಯ ಶಾಖ ನಾಲ್ಮಡಿಯಾಗುತ್ತದೆಂಬುದನ್ನು ಮರೆಯಲಾಗದು.

ಹಾಗಾದರೆ ಆ ಸೈಕಲ್ಲು ನಿಲ್ಲುತ್ತಿದ್ದುದೇಕೆ? “ತುಸು ಹೊತ್ತು ಬಿಟ್ಟರೆ ಮತ್ತೆ ಓಡುವುದೇ?” ಎಂದು ಕೇಳಿದೆವು. ಓಡುತ್ತದೆಂದರು. ಇದು ಬ್ಯಾಟರಿ ಹಳತಾದುದರ ಮುಖ್ಯ ಕುರುಹು. 36 ವೋಲ್ಟಿನ ಲಿಥಿಯಂ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 10 ಸೆಲ್ಲುಗಳು ಸಾಲಾಗಿರುತ್ತವೆ. ತುಂಬಿದಾಗ 42 ವೋಲ್ಟಿದ್ದು, ಸುಮಾರು 30ಕ್ಕೆ ಇಳಿದಾಗ ಪ್ರವಾಹವು ತಾನಾಗಿ ಕಡಿದುಹೋಗುತ್ತದೆ. ಹಳೆಯ ಬ್ಯಾಟರಿಯ ಒಳತಡೆ 0.3 ಓಮ್ ಆಗಿದ್ದು, ಏರಿನಲ್ಲಿ 15 ಆಂಪಿಯರು ಹರಿದರೆ, 4.5 ವೋಲ್ಟು ಒಳಗೇ ನಷ್ಟವಾಗುತ್ತದೆ. 34 ವೋಲ್ಟು ತೋರುತ್ತಿದ್ದುದು 29.5ಕ್ಕೆ ಕುಸಿದು ಸೈಕಲ್ಲು ನಿಲ್ಲುತ್ತದೆ. ಹೊರೆ ತಪ್ಪಿದೊಡನೆ ವೋಲ್ಟು ಮತ್ತೆ ಏರುತ್ತದೆ. ದೋಷವಿರುವುದು ಮುಪ್ಪಿನಲ್ಲಿ, 36 ಎಂಬ ಅಂಕಿಯಲ್ಲಲ್ಲ.

48 ವೋಲ್ಟಿನ ಬ್ಯಾಟರಿಯಲ್ಲಿ 13 ಸೆಲ್ಲುಗಳಿದ್ದು, ತುಂಬಿದಾಗ 54.6 ವೋಲ್ಟಾಗುತ್ತದೆ. 36 ವೋಲ್ಟಿನ ಸೈಕಲ್ಲಿನ ಕಂಟ್ರೋಲರಿನ ಭಾಗಗಳು 50 ವೋಲ್ಟಿಗಷ್ಟೇ ತಕ್ಕವಾಗಿದ್ದರೆ ಸುಟ್ಟುಹೋದಾವು. ಮನೆಯಲ್ಲಿ ಎರಡು ಬಗೆಯ ಚಾರ್ಜರುಗಳಿದ್ದು, ಹೆಚ್ಚು ವೋಲ್ಟಿನದನ್ನು ಮರೆತು ಕಡಿಮೆ ವೋಲ್ಟಿನ ಬ್ಯಾಟರಿಗೆ ಸಿಕ್ಕಿಸಿದರೆ ಬೆಂಕಿಯ ಭಯವುಂಟು. ಕಾನೂನಿನ ಮಾತೂ ಇದೆ. ನಮ್ಮ ದೇಶದ ನಿಯಮದಂತೆ ಮೋಟಾರಿನ ಶಕ್ತಿಯು 250 ವಾಟಿಗಿಂತಲೂ ವೇಗವು ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿದ್ದು, ಇತರ ಷರತ್ತುಗಳನ್ನೂ ಪಾಲಿಸಿದ ವಾಹನಕ್ಕೆ ಮಾತ್ರ ನೋಂದಣಿ, ಲೈಸೆನ್ಸುಗಳಿಂದ ವಿನಾಯಿತಿಯುಂಟು. ವೋಲ್ಟು ಏರಿಸಿ ಆ ಮಿತಿ ದಾಟಿದ ಸೈಕಲ್ಲಿನ ಮೇಲೆ ಮಕ್ಕಳನ್ನು ಕಳುಹಿಸುವುದು ಯೋಗ್ಯವಲ್ಲ.

ಆ ಗೃಹಸ್ಥರು ಬ್ಯಾಟರಿಯನ್ನು ಹೊರೆಯ ಮೇಲಿಟ್ಟು ಪರೀಕ್ಷಿಸಿಸಿ, ತಯಾರಕರು ಸೂಚಿಸಿದ 36 ವೋಲ್ಟಿನ ಹೊಸದನ್ನೇ ಹಾಕಿಸಿದರು. ಅವರ ಮಗನು ಈಗ ಅದೇ ಏರನ್ನು ನಿಲ್ಲದೆ ಹತ್ತುತ್ತಿದ್ದಾನೆ. ಆದುದರಿಂದ ಸೈಕಲ್ಲು ಸೋತಿತೆಂದು ಕಂಡಾಗ ದೊಡ್ಡ ಅಂಕಿಗೆ ಮನಸೋಲದೆ, ಮೊದಲು ಸೋಲಿನ ಮೂಲವನ್ನು ಅಳೆದು ನೋಡಬೇಕೆಂಬುದು ನಮ್ಮ ವಿನಂತಿ.