ದಾಂಪತ್ಯ ಸಮಾಲೋಚಕರ ಶಿಕ್ಷಣ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕಟ್ಟಿದವರ ಮನೆಯಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಉಂಡು, ಒಂದೇ ಹೊತ್ತಿಗೆ ಮಲಗುತ್ತಿದ್ದಿರಬೇಕು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಈ ಸೌಕರ್ಯ ಉಳಿದಿಲ್ಲ. ಹೋಟೆಲ್ ಉದ್ಯಮದಲ್ಲಿರುವ ಗಂಡ ಮಧ್ಯರಾತ್ರಿಯ ಲೋಕಲ್ ಗಾಡಿಯಿಂದಿಳಿದು ಮನೆ ಸೇರುವ ಹೊತ್ತಿಗೆ, ಬೆಳಗಿನ ಗಾಡಿ ಹಿಡಿಯಬೇಕಾದ ಹೆಂಡತಿ ಅರ್ಧ ನಿದ್ದೆ ಮುಗಿಸಿರುತ್ತಾಳೆ. ಆಡಬೇಕಾದ ಮಾತು ರವಿವಾರದ ತನಕ ಕಾಯುತ್ತದೆ. ರವಿವಾರ ಯಾರದೋ ಮದುವೆ, ಇನ್ನಾರದೋ ಗೃಹಪ್ರವೇಶ. ಹೀಗೆ ಸಣ್ಣ ಮುನಿಸೊಂದು ತಿಂಗಳುಗಟ್ಟಲೆ ಬೆಳೆದು, ಒಂದು ದಿನ ವಕೀಲರ ಕಚೇರಿಯ ಮೆಟ್ಟಿಲು ಹತ್ತುತ್ತದೆ.

ಊರಿನಲ್ಲಾದರೆ ಇಂಥ ಸಮಯದಲ್ಲಿ ಸೋದರಮಾವನೋ ದೊಡ್ಡಪ್ಪನೋ ನಡುವೆ ಬಂದು ಕೂರುತ್ತಿದ್ದರು. ಅವರ ಮಾತಿಗೆ ತೂಕವಿತ್ತು, ಸಂಬಂಧದ ಬಿಸುಪಿತ್ತು. ಆದರೆ ಅವರು ಒಂದು ಪಕ್ಷದವರೇ ಆಗಿರುತ್ತಿದ್ದರು ಎಂಬುದನ್ನೂ ಮರೆಯುವಂತಿಲ್ಲ. ‘ಹೊಂದಿಕೊಂಡು ಹೋಗಮ್ಮ’ ಎಂಬ ತೀರ್ಪು ಸಾಮಾನ್ಯವಾಗಿ ಯಾರ ಪಾಲಿಗೆ ಬರುತ್ತಿತ್ತೆಂಬುದನ್ನು ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಈಗ ಆ ಹಿರಿಯರ ಜಾಗದಲ್ಲಿ ಕೂರುವ ಹೊಸ ವೃತ್ತಿಯೊಂದು ಬೆಳೆಯುತ್ತಿದೆ. ದಾಂಪತ್ಯ ಸಮಾಲೋಚಕ, ಕುಟುಂಬ ಚಿಕಿತ್ಸಕ, ಆಪ್ತ ಸಲಹೆಗಾರ ಎಂದು ಅವರಿಗೆ ಹಲವು ಹೆಸರುಗಳಿವೆ. ಈ ಹೆಸರುಗಳ ಹಿಂದೆ ಯಾವ ವಿದ್ಯೆ ಇರಬೇಕು, ಅದನ್ನು ಎಲ್ಲಿ ಕಲಿಸುತ್ತಾರೆ ಎಂಬುದು ಈ ವೃತ್ತಿಯನ್ನು ಆಯ್ದುಕೊಳ್ಳಬಯಸುವ ತರುಣ ತರುಣಿಯರೂ, ಅವರ ಬಾಗಿಲು ತಟ್ಟಬೇಕಾದ ಕುಟುಂಬಗಳೂ ತಿಳಿದಿರಬೇಕಾದ ಸಂಗತಿ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1963ರಲ್ಲಿಯೇ ವಿವಾಹ ಸಲಹೆಗಾರರಿಗೆ ಪರವಾನಗಿ ಕಡ್ಡಾಯವೆಂದು ಕಾನೂನು ಮಾಡಿತು. ಭಾರತದಲ್ಲಿ ಈ ಹೆಸರಿನ ಪ್ರತ್ಯೇಕ ಪರವಾನಗಿ ಇಲ್ಲ. ಚಿಕಿತ್ಸಾ ಮನೋವಿಜ್ಞಾನಿಗಳು 1992ರ ಕಾಯಿದೆಯನ್ವಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅವರನ್ನೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನೂ ಅರ್ಹತೆ ಸಹಿತ ವ್ಯಾಖ್ಯಾನಿಸಿದೆ. 2021ರ ಆರೋಗ್ಯ ವೃತ್ತಿಗಳ ಕಾಯಿದೆಯು ಮನೋವಿಜ್ಞಾನಿ, ಸಮಾಜಕಾರ್ಯಕರ್ತ ಮುಂತಾದವರನ್ನು ತನ್ನ ಪಟ್ಟಿಗೆ ಸೇರಿಸಿತು. ಇಷ್ಟಾದರೂ, ಕೆಲವು ವಾರಗಳ ತರಬೇತಿಯ ಪ್ರಮಾಣಪತ್ರವೊಂದನ್ನು ಗೋಡೆಗೆ ತೂಗಿ ‘ದಾಂಪತ್ಯ ತಜ್ಞ’ ಎಂದು ಬರೆಯಿಸಿಕೊಳ್ಳುವವರನ್ನು ತಡೆಯುವುದು ಸುಲಭವಲ್ಲ. ಕ್ಷೌರದಂಗಡಿಗೂ ಪರವಾನಗಿ ಕೇಳುವ ನಗರದಲ್ಲಿ ಇದು ವಿಚಿತ್ರವೇ ಸರಿ.

ಯೋಗ್ಯ ಮಾರ್ಗಗಳು ಮುಖ್ಯವಾಗಿ ಎರಡು. ಒಂದು ಮನೋವಿಜ್ಞಾನದ ಎಂ.ಎ., ಅದರಲ್ಲಿಯೂ ಸಮಾಲೋಚನಾ ಶಾಖೆ. ಇನ್ನೊಂದು ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಎರಡಕ್ಕೂ ಈ ಭಾಗದ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. 1936ರಲ್ಲಿ ಸ್ಥಾಪನೆಗೊಂಡು, 1954ರಲ್ಲಿ ದೇವನಾರಿಗೆ ಬಂದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು ನವಿಮುಂಬಯಿಯವರಿಗೆ ಖಾಡಿಯ ಆಚೆ ದಡದಲ್ಲಿದೆ, ಗೋವಂಡಿಯಲ್ಲಿ ಇಳಿದರಾಯಿತು. ಕಲ್ಯಾಣ, ಡೊಂಬಿವಲಿಯವರು ಕುರ್ಲಾದಲ್ಲಿ ಗಾಡಿ ಬದಲಾಯಿಸಬೇಕು. 1984ರಲ್ಲಿ ಮುಂಬಯಿ ಪೊಲೀಸ್ ಆಯುಕ್ತರ ಕಚೇರಿಯಲ್ಲಿಯೇ ಹಿಂಸೆಗೊಳಗಾದ ಮಹಿಳೆಯರಿಗಾಗಿ ವಿಶೇಷ ಘಟಕವೊಂದನ್ನು ಆರಂಭಿಸಿದ್ದು ಇದೇ ಸಂಸ್ಥೆ. ಥಾಣೆಯಲ್ಲಿ 1990ರಲ್ಲಿ ಮನೋವೈದ್ಯ ಡಾ. ಆನಂದ ನಾಡಕರ್ಣಿಯವರು ಸ್ಥಾಪಿಸಿದ ಮಾನಸಿಕ ಆರೋಗ್ಯ ಸಂಸ್ಥೆಯಿಂದಾಗಿ, ಮನಸ್ಸಿನ ತೊಂದರೆಗೂ ತಜ್ಞರ ಬಳಿ ಹೋಗಬಹುದೆಂಬ ತಿಳಿವಳಿಕೆ ಈ ಭಾಗದ ಮಧ್ಯಮವರ್ಗದಲ್ಲಿ ಹರಡಿತು.

ಇನ್ನೂ ಆಳವಾಗಿ ಕಲಿಯಬಯಸುವವರ ದೃಷ್ಟಿ ಸಹಜವಾಗಿ ಬೆಂಗಳೂರಿನತ್ತ ತಿರುಗುತ್ತದೆ. 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿಯ ಕುಟುಂಬ ಮನೋವೈದ್ಯಕೀಯ ಕೇಂದ್ರದಲ್ಲಿ ರೋಗಿಯೊಬ್ಬನನ್ನೇ ಅಲ್ಲ, ಅವನೊಡನೆ ಮನೆಯವರನ್ನೂ ಒಳಗೆ ಸೇರಿಸಿಕೊಳ್ಳುವ ಪದ್ಧತಿ ಇದೆ. ತೊಂದರೆ ಒಬ್ಬರ ತಲೆಯೊಳಗೆ ಮಾತ್ರ ಇರುವುದಲ್ಲ, ಇಬ್ಬರ ನಡುವಿನ ಜಾಗದಲ್ಲಿಯೂ ಇರಬಲ್ಲದು ಎಂಬುದು ಈ ಪದ್ಧತಿಯ ತಿರುಳು. ಅಲ್ಲಿಯ ಎರಡು ವರ್ಷಗಳ ಎಂ.ಫಿಲ್. ತರಬೇತಿ ದೇಶದಲ್ಲೆಲ್ಲ ಹೆಸರಾಗಿತ್ತು. ಆದರೆ 2022ರ ನಿಯಮಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಎಂ.ಫಿಲ್. ಪದವಿಯನ್ನೇ ಕೈಬಿಟ್ಟು, ಚಿಕಿತ್ಸಾ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಗಳಿಗೆ ಮಾತ್ರ 2025-26ರ ಶೈಕ್ಷಣಿಕ ವರ್ಷದ ತನಕ ಅವಕಾಶವಿತ್ತಿತು. ಆದ್ದರಿಂದ ಅರ್ಜಿ ಹಾಕುವ ಮುನ್ನ ಆ ವರ್ಷದ ಪದವಿಯ ಹೆಸರನ್ನೂ ಮಾನ್ಯತೆಯನ್ನೂ ವಿಚಾರಿಸಿಕೊಳ್ಳುವುದು ಲೇಸು.

ಆದರೆ ಪದವಿಯ ಹೆಸರಿಗಿಂತ ಮುಖ್ಯವಾದುದು ಅದರೊಳಗೆ ನಡೆಯುವ ಅಭ್ಯಾಸ. ವಿದ್ಯಾರ್ಥಿಯು ಮೊದಲು ಕಲಿಯಬೇಕಾದುದು ಸಲಹೆ ಕೊಡದಿರುವುದನ್ನು. ಎದುರಿಗೆ ಕುಳಿತವರು ಆಡಿದ ಮಾತು, ತಾನು ಆಡಿದ ಮಾತು, ನಡುವೆ ಬಿದ್ದ ಮೌನ ಇಷ್ಟನ್ನೂ ನೆನಪಿನಿಂದ ಬರೆದು ಮೇಲ್ವಿಚಾರಕರ ಮುಂದಿಡಬೇಕು. ‘ಇಲ್ಲಿ ಆಕೆಯ ಮಾತನ್ನು ಏಕೆ ತುಂಡರಿಸಿದೆ?’, ‘ಆತನ ತಾಯಿಯ ಪ್ರಸ್ತಾಪ ಬಂದೊಡನೆ ವಿಷಯವನ್ನೇಕೆ ಬದಲಿಸಿದೆ?’ ಎಂದು ಅವರು ಕೇಳುತ್ತಾರೆ. ಕೆಲವು ಕೇಂದ್ರಗಳಲ್ಲಿ ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಗುರುಗಳು ಕುಳಿತು, ಕುಟುಂಬದವರ ಒಪ್ಪಿಗೆ ಪಡೆದು, ಶಿಷ್ಯನ ಕೆಲಸವನ್ನು ನೋಡುವುದುಂಟು. ಮೇಲ್ವಿಚಾರಣೆ ಇಲ್ಲದ ಪದವಿ ಈಜು ಪುಸ್ತಕವನ್ನು ಬಾಯಿಪಾಠ ಮಾಡಿದಂತೆ.

ಇದರಲ್ಲಿ ವಂಶವೃಕ್ಷದ ಪಾಠ ಬಹಳ ಸ್ವಾರಸ್ಯಕರ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಜಗಳವಿದ್ದ ಕಡೆ ಅಂಕುಡೊಂಕಾದ ಗೆರೆ. ಹೀಗೆ ಮೂರು ತಲೆಮಾರುಗಳನ್ನು ಒಂದು ಹಾಳೆಯಲ್ಲಿ ಬರೆಯುತ್ತಾರೆ. ವಿದ್ಯಾರ್ಥಿಯು ಮೊದಲು ತನ್ನ ಮನೆಯ ಚಿತ್ರವನ್ನೇ ಬರೆಯಬೇಕು. ತನ್ನ ಮನೆಯ ಗಂಟು ಯಾವುದೆಂದು ತಿಳಿಯದವನು ಪರರ ಮನೆಯಲ್ಲಿ ಅದೇ ಗಂಟನ್ನು ಕಂಡಾಗ ಎಡವುತ್ತಾನೆ. ಈ ಪಠ್ಯಗಳು ಪಶ್ಚಿಮದಿಂದ ಬಂದವು. ತಂದೆ, ತಾಯಿ, ಮಕ್ಕಳಿರುವ ಸಣ್ಣ ಸಂಸಾರಕ್ಕೆ ಹೊಂದುವಂಥವು. ಅಳಿಯಸಂತಾನದ ಹಿನ್ನೆಲೆಯಿಂದ ಬಂದ ತುಳು ಕುಟುಂಬವನ್ನು ಹಾಗೆ ಬರೆದರೆ, ಮಾತಿನ ಅಧಿಕಾರವುಳ್ಳ ಸೋದರಮಾವ ಹಾಳೆಯ ಅಂಚಿನಲ್ಲಿ ಎಲ್ಲೋ ಬಿದ್ದಿರುತ್ತಾನೆ. ಆ ಚಿತ್ರ ತಪ್ಪೆಂದು ಗುರುತಿಸಲು ಆ ಸಮಾಜವನ್ನು ಬಲ್ಲ ವಿದ್ಯಾರ್ಥಿಯೇ ಬೇಕು.

ಭಾಷೆಯ ಮಾತೂ ಹಾಗೆಯೇ. ಶಿಕ್ಷಣ ಬಹುಪಾಲು ಇಂಗ್ಲಿಷಿನಲ್ಲಿ. ಬೀದಿಯ ಮಾತು ಮರಾಠಿ, ಹಿಂದಿ. ಜಗಳ ಮಾತ್ರ ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ಗಂಡನನ್ನು ಸದಾ ‘ನೀವು’ ಎನ್ನುತ್ತಿದ್ದ ಹೆಂಡತಿ ಒಂದು ರಾತ್ರಿ ‘ನೀನು’ ಎಂದಳೆಂದರೆ ಆ ಮನೆಯಲ್ಲಿ ಏನೋ ಮುರಿದಿದೆ ಎಂದರ್ಥ. ಅದೇ ಸಂಗತಿಯನ್ನು ದಂಪತಿಗಳು ಇಂಗ್ಲಿಷಿನಲ್ಲಿ ವಿವರಿಸಿದರೆ ಆ ಸದ್ದು ಸಮಾಲೋಚಕರ ಕಿವಿಗೆ ಬೀಳುವುದೇ ಇಲ್ಲ. ಸಿಟ್ಟು ಬೇರೆ, ಮುನಿಸು ಬೇರೆ; ಮುನಿಸು ಸಮಾಧಾನಪಡಿಸುವವರಿಗಾಗಿ ಕಾದು ಕುಳಿತಿರುತ್ತದೆ. ಈ ವಿದ್ಯೆಗೆ ಬೇಕಾದ ನುಡಿ ಕನ್ನಡದಲ್ಲಿ ಇಲ್ಲವೆಂದೇನೂ ಅಲ್ಲ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು, ಡಾ. ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’ ಎಷ್ಟೋ ಮನೆಗಳ ಕಪಾಟಿನಲ್ಲಿ ಇತ್ತು, ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರು ಈ ವಿಷಯವಾಗಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ. ನುಡಿ ಇದೆ, ಅದನ್ನು ಬಳಸಿ ಕೆಲಸ ಮಾಡಬಲ್ಲ ತರಬೇತಾದ ಜನ ಥಾಣೆ ಜಿಲ್ಲೆಯ ಕನ್ನಡಿಗರ ನಡುವಿನಿಂದ ಹೊರಬರಬೇಕು.

ಇದಕ್ಕೊಂದು ತೊಡಕೂ ಇದೆ. ಡೊಂಬಿವಲಿಯ ಕನ್ನಡ ಸಮಾಲೋಚಕಿಯೊಬ್ಬರ ಬಳಿಗೆ ಬಂದ ದಂಪತಿಗಳು ಮರುವಾರವೇ ಸಂಘದ ಸಮಾರಂಭದಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತಿರಬಹುದು. ಗುಟ್ಟು ಕಾಯುವುದು, ಬಂಧುಗಳನ್ನೂ ಆಪ್ತರನ್ನೂ ತಾವೇ ನೋಡದೆ ಇನ್ನೊಬ್ಬರ ಬಳಿಗೆ ಕಳುಹಿಸುವುದು ಶಿಕ್ಷಣದ ಅಂಗವೇ ಆಗಿರುವುದು ಇದಕ್ಕಾಗಿ. ಕೌಟುಂಬಿಕ ಹಿಂಸೆಯ 2005ರ ಕಾಯಿದೆಗೆ ಸಂಬಂಧಿಸಿದ 2006ರ ನಿಯಮಗಳು ಕೂಡ, ಉಭಯತರು ಲಿಖಿತವಾಗಿ ಒಪ್ಪದ ಹೊರತು, ಪಕ್ಷಗಾರರ ನೆಂಟರು ಸಲಹೆಗಾರರಾಗಕೂಡದು ಎನ್ನುತ್ತವೆ. ಹೊಡೆತಕ್ಕೆ ಸಮರ್ಥನೆಯನ್ನು ಸಮಾಲೋಚನೆಯಲ್ಲಿ ಎತ್ತಗೊಡಬಾರದೆಂದೂ ಅವು ವಿಧಿಸಿವೆ. ತರಬೇತಿಯ ಬೆಲೆ ತಿಳಿಯುವುದು ಇಲ್ಲಿಯೇ. ಬಲ್ಲವರು ಆರಂಭದಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಮಾತನಾಡಿಸಿ, ಭಯವಿದೆಯೇ ಎಂದು ವಿಚಾರಿಸುತ್ತಾರೆ. ಇದನ್ನರಿಯದವರು ಹೊಡೆಸಿಕೊಂಡವಳನ್ನು ಹೊಡೆದವನ ಪಕ್ಕದಲ್ಲಿಯೇ ಕೂರಿಸಿ ‘ಮನಸ್ಸು ಬಿಚ್ಚಿ ಮಾತನಾಡಿ’ ಎನ್ನುತ್ತಾರೆ. ಆ ಮಾತಿನ ಬೆಲೆಯನ್ನು ಆಕೆ ಮನೆಗೆ ಹೋದ ಮೇಲೆ ತೆರಬೇಕಾಗುತ್ತದೆ.

ಉದ್ಯೋಗದ ದೃಷ್ಟಿಯಿಂದಲೂ ಈ ಕ್ಷೇತ್ರ ಬರಿದಲ್ಲ. 1984ರ ಕುಟುಂಬ ನ್ಯಾಯಾಲಯ ಕಾಯಿದೆಯು ರಾಜಿಯ ಪ್ರಯತ್ನವನ್ನು ನ್ಯಾಯಾಲಯದ ಕರ್ತವ್ಯವೆಂದು ಸಾರಿ, ಸಮಾಲೋಚಕರ ನೇಮಕಕ್ಕೆ ದಾರಿ ಮಾಡಿತು. ಮುಂಬಯಿಯ ಕುಟುಂಬ ನ್ಯಾಯಾಲಯ 1989ರಲ್ಲಿ ಆರಂಭವಾಯಿತು. ಮಹಾರಾಷ್ಟ್ರದಲ್ಲಿ ‘ವಿವಾಹ ಸಮಾಲೋಚಕ’ರ ಹುದ್ದೆಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯೊಡನೆ ಕುಟುಂಬ ಸಮಾಲೋಚನೆಯ ಅನುಭವವನ್ನೂ ಕೇಳುತ್ತಾರೆ. ಆಸ್ಪತ್ರೆಗಳು, ಶಾಲಾ ಕಾಲೇಜುಗಳು, ಸೇವಾಸಂಸ್ಥೆಗಳೂ ಇವೆ. ಸಂಬಳ ಮಾತ್ರ ಇಂಜಿನಿಯರರ ಸಂಬಳಕ್ಕೆ ಸಾಟಿಯಲ್ಲವೆಂದು ತಂದೆತಾಯಿಗಳಿಗೆ ಮೊದಲೇ ತಿಳಿಸುವುದು ಒಳಿತು.

ಸಹಾಯ ಬೇಡಿ ಹೋಗುವ ಕುಟುಂಬಗಳು ಸಂಕೋಚಪಡದೆ ಕೇಳಬೇಕಾದ ಪ್ರಶ್ನೆಗಳಿವೆ. ಸ್ನಾತಕೋತ್ತರ ಪದವಿ ಯಾವ ವಿಷಯದಲ್ಲಿ, ಯಾವ ವಿಶ್ವವಿದ್ಯಾಲಯದ್ದು? ಯಾರ ಮೇಲ್ವಿಚಾರಣೆಯಲ್ಲಿ ದಂಪತಿಗಳೊಡನೆ ಕೆಲಸ ಮಾಡಿದಿರಿ? ಈಗಲೂ ಕಠಿಣ ಪ್ರಕರಣಗಳನ್ನು ಯಾರೊಡನೆ ಚರ್ಚಿಸುತ್ತೀರಿ? ತಿಳಿದವರು ಇದಕ್ಕೆ ಸಿಟ್ಟಾಗುವುದಿಲ್ಲ. ಇಂತಿಷ್ಟು ಭೇಟಿಯಲ್ಲಿ ಸಂಸಾರ ಸರಿಮಾಡಿಕೊಡುತ್ತೇವೆಂದು ಭರವಸೆ ಕೊಡುವವರಿಂದ ದೂರವಿರುವುದೇ ಕ್ಷೇಮ. ಮನಸ್ಸು ತೀರಾ ಕುಗ್ಗಿದ್ದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ದೂರವಾಣಿ 14416 ಕನ್ನಡದಲ್ಲಿಯೂ ಉತ್ತರಿಸುತ್ತದೆ. ಮನೆಯಲ್ಲಿ ಹಿಂಸೆಯಿದ್ದರೆ ಮಹಿಳೆಯರು 181ಕ್ಕೆ ಕರೆ ಮಾಡಬಹುದು.