ವಿದ್ಯುತ್ ಸ್ಥಾವರಗಳ ಶೀತಲೀಕರಣದಲ್ಲಿ ಭೂಗತ ಉಷ್ಣ ಸಂಗ್ರಹಣೆ

ಭೂಗತ ಉಷ್ಣ ಸಂಗ್ರಹಣೆಯಿಂದ ಶೀತಲೀಕರಣ ಎಂಬುದು ರಾತ್ರಿಯ ಅಥವಾ ಚಳಿಗಾಲದ ತಂಪನ್ನು ನೆಲದಡಿಯಲ್ಲಿ ಕೂಡಿಟ್ಟು, ಬಿಸಿಲಿನ ವೇಳೆಯಲ್ಲಿ ಉಷ್ಣವಿದ್ಯುತ್ ಸ್ಥಾವರದ ಉಗಿಯನ್ನು ತಣಿಸಲು ಬಳಸುವ ವಿಧಾನವಾಗಿದೆ. ನದಿ, ಕೆರೆಗಳ ನೀರನ್ನು ವ್ಯಯಿಸದೆ ಸ್ಥಾವರದ ದಕ್ಷತೆಯನ್ನು ಕಾಯ್ದುಕೊಳ್ಳುವುದು ಇದರ ಉದ್ದೇಶ.

ಹಿನ್ನೆಲೆ

ಟರ್ಬೈನನ್ನು ತಿರುಗಿಸಿ ಹೊರಬರುವ ಉಗಿಯನ್ನು ಕಂಡೆನ್ಸರಿನಲ್ಲಿ ಮತ್ತೆ ನೀರಾಗಿಸಬೇಕು. ಆಗ ಬಿಡುಗಡೆಯಾಗುವ ಶಾಖವು ಶೀತಲ ಗೋಪುರಗಳಲ್ಲಿ ನೀರನ್ನು ಆವಿಯಾಗಿಸಿ ಹೊರಹೋಗುತ್ತದೆ. ಇಂತಹ ಗೋಪುರಗಳಿರುವ ಹಳೆಯ ಸ್ಥಾವರಗಳಿಗೆ ಭಾರತ ಸರ್ಕಾರವು 2015ರಲ್ಲಿ ಪ್ರತಿ ಮೆಗಾವ್ಯಾಟ್-ಗಂಟೆಗೆ 3.5 ಘನ ಮೀಟರ್ ನೀರಿನ ಮಿತಿಯನ್ನು ವಿಧಿಸಿತು. 2016ರ ಮಾರ್ಚ್‌ನಲ್ಲಿ ಕಾಲುವೆಯ ನೀರು ತಗ್ಗಿದ್ದರಿಂದ ಪಶ್ಚಿಮ ಬಂಗಾಳದ ಫರಕ್ಕಾ ಸ್ಥಾವರವು ಉತ್ಪಾದನೆಯನ್ನು ನಿಲ್ಲಿಸಬೇಕಾಯಿತು.

ನೀರಿನ ಬದಲು ಗಾಳಿಯನ್ನು ಬಳಸುವ ಒಣ ಶೀತಲೀಕರಣವು ದಕ್ಷಿಣ ಆಫ್ರಿಕಾದ ಮತಿಂಬಾ ಮತ್ತು ಮೆಡೂಪಿ ಸ್ಥಾವರಗಳಲ್ಲಿದೆ. ಆದರೆ ಗಾಳಿ ಬಿಸಿಯಾದಂತೆ ಕಂಡೆನ್ಸರಿನ ಒತ್ತಡ ಏರಿ ಉತ್ಪಾದನೆ ಕುಗ್ಗುತ್ತದೆ. ವಿದ್ಯುತ್ತಿಗೆ ಬೇಡಿಕೆ ಹೆಚ್ಚಿರುವ ಬೇಸಿಗೆಯ ಮಧ್ಯಾಹ್ನದಲ್ಲಿಯೇ ಈ ನಷ್ಟವೂ ಹೆಚ್ಚು.

ಕಾರ್ಯವಿಧಾನ

ಸುಮಾರು 10–15 ಮೀಟರ್ ಆಳದ ಕೆಳಗೆ ನೆಲದ ಉಷ್ಣತೆಯು ವರ್ಷವಿಡೀ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಸಂಗ್ರಹಣೆಯಲ್ಲಿ ಎರಡು ಮುಖ್ಯ ವಿಧಗಳಿವೆ.

ಜಲಧರ ಸಂಗ್ರಹಣೆ: ತಂಪು ಬಾವಿಯಿಂದ ಎತ್ತಿದ ಅಂತರ್ಜಲವು ಉಷ್ಣ ವಿನಿಮಯಕದಲ್ಲಿ ಸ್ಥಾವರದ ಶಾಖವನ್ನು ಹೀರಿಕೊಂಡು ಇನ್ನೊಂದು ಬಾವಿಯ ಮೂಲಕ ನೆಲಕ್ಕೆ ಮರಳುತ್ತದೆ. ಹವೆ ತಂಪಾದಾಗ ಅದೇ ನೀರನ್ನು ಮೇಲೆತ್ತಿ, ಗಾಳಿಯಿಂದ ತಣಿಸಿ, ತಂಪು ಬಾವಿಗೆ ಇಳಿಸಲಾಗುತ್ತದೆ.

ಕೊಳವೆರಂಧ್ರ ಸಂಗ್ರಹಣೆ: ಮುಚ್ಚಿದ ಕೊಳವೆಗಳಲ್ಲಿ ಹರಿಯುವ ದ್ರವವು ಸುತ್ತಲಿನ ಬಂಡೆಯೊಂದಿಗೆ ಶಾಖವನ್ನು ವಿನಿಮಯ ಮಾಡಿಕೊಳ್ಳುತ್ತದೆ. ಬಂಡೆಯಲ್ಲಿ ಶಾಖ ನಿಧಾನವಾಗಿ ಸಾಗುವುದರಿಂದ ಇದು ಋತುಮಾನದ ಸಂಗ್ರಹಣೆಗೆ ಹೆಚ್ಚು ಹೊಂದುತ್ತದೆ.

ಆರ್ಥಿಕತೆ

ಶೇ. 40ರಷ್ಟು ದಕ್ಷತೆಯ 100 ಮೆಗಾವ್ಯಾಟ್ ಸ್ಥಾವರವು, ಹೊಗೆಯೊಂದಿಗೆ ಹೋಗುವ ಶಾಖವನ್ನು ಪ್ರತ್ಯೇಕಿಸದಿದ್ದರೆ, 150 ಮೆಗಾವ್ಯಾಟ್ ಶಾಖವನ್ನು ಹೊರಹಾಕುತ್ತದೆ. ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಬಹುದಾದರೆ, ಆರು ಗಂಟೆಗಳ ಶಾಖವನ್ನು ಹೀರಲು ಸುಮಾರು 77,000 ಘನ ಮೀಟರ್ ನೀರು ಬೇಕು. ಪ್ರತಿದಿನ ಆರು ಗಂಟೆಯಂತೆ ಮೂರು ತಿಂಗಳ ಶಾಖವನ್ನು ಒಟ್ಟಿಗೆ ಸಂಗ್ರಹಿಸಲು ಸುಮಾರು 70 ಲಕ್ಷ ಘನ ಮೀಟರ್ ಬೇಕಾಗುತ್ತದೆ. ಆದ್ದರಿಂದ ಅತಿ ಬಿಸಿಯ ಕೆಲವು ಗಂಟೆಗಳ ಹೊರೆಯಲ್ಲಿ ಒಂದು ಪಾಲನ್ನು ಮಾತ್ರ ನೆಲಕ್ಕೆ ವರ್ಗಾಯಿಸಿ, ಅದನ್ನು ರಾತ್ರಿಯೇ ತೆರವುಗೊಳಿಸುವುದು ಮಿತವ್ಯಯಕರ. ಆ ಗಂಟೆಗಳಲ್ಲಿ ಉಳಿಯುವ ವಿದ್ಯುತ್ತಿನ ಬೆಲೆಯು ಬಾವಿ ಕೊರೆಯುವ ಹಾಗೂ ಪಂಪು ನಡೆಸುವ ವೆಚ್ಚವನ್ನು ಮೀರಿದರೆ ಮಾತ್ರ ಯೋಜನೆ ಲಾಭದಾಯಕವಾಗುತ್ತದೆ.

ಬಳಕೆ ಮತ್ತು ಮಿತಿಗಳು

ಚೀನಾದ ಶಾಂಘೈನಲ್ಲಿ 1960ರ ದಶಕದಲ್ಲಿ ಕಾರ್ಖಾನೆಗಳ ತಂಪಿಗಾಗಿ ಜಲಧರಗಳನ್ನು ಬಳಸಲಾಯಿತು. ಸ್ವೀಡನ್ನಿನ ಆರ್ಲಾಂಡಾ ವಿಮಾನನಿಲ್ದಾಣದಲ್ಲಿ 2009ರಿಂದ ಇಂತಹ ವ್ಯವಸ್ಥೆಯಿದೆ. ವಿದ್ಯುತ್ ಸ್ಥಾವರಗಳ ಮಟ್ಟಿಗೆ ಇದು ಬಹುತೇಕ ಸಂಶೋಧನೆಯ ಹಂತದಲ್ಲಿದೆ.

ನೆಲಕ್ಕೆ ಸೇರಿದ ಶಾಖವನ್ನು ಪೂರ್ತಿಯಾಗಿ ಹೊರತೆಗೆಯದಿದ್ದರೆ ಸಂಗ್ರಹವು ವರ್ಷದಿಂದ ವರ್ಷಕ್ಕೆ ಬಿಸಿಯಾಗಿ ನಿಷ್ಪ್ರಯೋಜಕವಾಗುತ್ತದೆ. ಅಂತರ್ಜಲದ ಹರಿವು ವೇಗವಾಗಿದ್ದರೆ ಕೂಡಿಟ್ಟ ತಂಪು ಕೊಚ್ಚಿಹೋಗುತ್ತದೆ; ಕಬ್ಬಿಣದಂತಹ ಖನಿಜಗಳು ಬಾವಿಗಳಲ್ಲಿ ಕಟ್ಟಿಕೊಳ್ಳುವ ಸಂಭವವೂ ಇದೆ.