ಬೆಕ್ಕಿನ ಪಳಗಿಕೆ: ಕುಲದ ಚರಿತ್ರೆ, ಮರಿಯ ಚರಿತ್ರೆ

ಕೊಪ್ಪಳ ಜಿಲ್ಲೆಯ ತಳಕಲ್ ಗ್ರಾಮದ ಜೋಳದ ಉಗ್ರಾಣವೊಂದರಲ್ಲಿ ಕೆಲವು ವರ್ಷಗಳ ಹಿಂದೆ, ಯಾರ ಸಾಕಣೆಗೂ ಸೇರದ ಬೆಕ್ಕೊಂದು ಮೂರು ಮರಿಗಳನ್ನು ಹಾಕಿತು. ಅವನ್ನು ಗೋಣಿಚೀಲದಲ್ಲಿ ಕಟ್ಟಿ ಹಳ್ಳದಾಚೆ ಬಿಟ್ಟುಬರಬೇಕೆಂದು ಉಗ್ರಾಣದವರು ನಿಶ್ಚಯಿಸಿದ್ದರು. ಮೊಲೆಹಾಲು ಬಿಡದ ಮರಿಗೆ ಅದು ಮರಣವೇ ಸರಿ. ಅವು ಕಾಡುಬೆಕ್ಕುಗಳು, ಎಂದಿಗೂ ಪಳಗವು ಎಂಬುದು ಅವರ ವಾದ. ಈ ವಾದವು ಎಷ್ಟರಮಟ್ಟಿಗೆ ನಿಜವೆಂದು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು ಪ್ರಾಣಿಕುಲವು ಸಾವಿರಾರು ವರ್ಷಗಳಲ್ಲಿ ಮನುಷ್ಯನ ನೆರೆಗೆ ಹೊಂದಿಕೊಳ್ಳುವುದು ಒಂದು. ಆ ಕುಲದಲ್ಲಿ ಹುಟ್ಟಿದ ಒಂದೊಂದು ಮರಿಯೂ ತನ್ನ ಆಯುಷ್ಯದಲ್ಲಿ ಮನುಷ್ಯನನ್ನು ನಂಬಲು ಕಲಿಯುವುದು ಮತ್ತೊಂದು. ಮೊದಲನೆಯದು ರಕ್ತಗತವಾಗಿ ಬರುತ್ತದೆ. ಎರಡನೆಯದು ಹಾಗೆ ಬರುವುದಿಲ್ಲ.

ಕುಲದ ಚರಿತ್ರೆಯನ್ನು ನೋಡೋಣ. ಬಳ್ಳಾರಿಯ ಸಮೀಪದ ಕುಡತಿನಿಯ ಬೂದಿದಿಬ್ಬವು ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ, ಸುಟ್ಟ ಸಗಣಿಯ ರಾಶಿ. ದನವನ್ನು ಮನುಷ್ಯನು ದೊಡ್ಡಿಗೆ ಕೂಡಿ ತನ್ನದನ್ನಾಗಿ ಮಾಡಿಕೊಂಡನು. ಬೆಕ್ಕನ್ನು ಯಾರೂ ಹಾಗೆ ಕೂಡಿಹಾಕಲಿಲ್ಲ. ಕಾಳಿಗೆ ಇಲಿ ಬಂದಿತು, ಇಲಿಯ ಬೆನ್ನುಹತ್ತಿ ಬೆಕ್ಕು ತಾನಾಗಿಯೇ ಬಂದಿತು ಎಂಬುದು ವಿದ್ವಾಂಸರ ಬಹುಮತ. ಜಗತ್ತಿನ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಗಳ ಕಾಡುಬೆಕ್ಕಿನ ಸಂತತಿಯೆಂದು 2007ರಲ್ಲಿ ಪ್ರಕಟವಾದ ಅನುವಂಶಿಕ ಸಂಶೋಧನೆಯೂ ತರುವಾಯದ ಸಂಶೋಧನೆಗಳೂ ತೋರಿಸಿವೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕನ್ನು ಹೂಳಿದ್ದ ಸಂಗತಿ 2004ರಲ್ಲಿ ಪ್ರಕಟವಾಯಿತು. ಸಿಂಧೂ ನಾಗರಿಕತೆಯ ಚನ್ಹುದಾರೊ ನೆಲೆಯನ್ನು 1935-36ರಲ್ಲಿ ಅಗೆದಾಗ, ಬೆಕ್ಕು ಮತ್ತು ನಾಯಿ ಇವೆರಡರ ಹೆಜ್ಜೆಗುರುತುಗಳಿರುವ ಇಟ್ಟಿಗೆ ದೊರೆಯಿತು. ಹಸಿ ಇಟ್ಟಿಗೆಯ ಮೇಲೆ ಓಡಾಡುವಷ್ಟು ಬೆಕ್ಕು ಆಗಲೇ ಊರಿನದಾಗಿತ್ತು.

ಆದುದರಿಂದ ಉಗ್ರಾಣದ ಬೆಕ್ಕು ಕುಲದಿಂದ ಕಾಡಿನದಲ್ಲ. ಮನುಷ್ಯನ ಕೈಯನ್ನು ಕಾಣದೆ ಬೆಳೆದ ಊರಬೆಕ್ಕು. ಈ ಕೊರತೆ ಯಾವಾಗ ಉಂಟಾಗುತ್ತದೆ? 1980ರ ದಶಕದಲ್ಲಿ ಐಲೀನ್ ಕಾರ್ಷ್ ಎಂಬ ಅಮೆರಿಕದ ವಿದುಷಿ ನಡೆಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮರಿಯ ಮನಸ್ಸು ಹೊಸಬರಿಗೆ ತೆರೆದಿರುತ್ತದೆ; ಆ ಕಾಲದಲ್ಲಿ ದಿನವೂ ಮನುಷ್ಯರ ಮೃದುಸ್ಪರ್ಶ ದೊರೆತ ಮರಿ ಸ್ನೇಹಶೀಲವಾಗುತ್ತದೆ. ತರುವಾಯ ಭಯವು ಮೇಲುಗೈ ಪಡೆಯುತ್ತದೆ. ಜನ್ಮಸ್ವಭಾವವೂ ಇಲ್ಲಿ ಗಣ್ಯವೇ: ಧೈರ್ಯಶಾಲಿಯಾದ ತಂದೆಯ ಮರಿಗಳು ಬೇಗ ಹತ್ತಿರ ಬರುತ್ತವೆಂದು ಸಾಂಡ್ರಾ ಮೆಕ್ಯೂನ್ 1995ರಲ್ಲಿ ತೋರಿಸಿದರು. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆಂದು ನಮ್ಮ ಜನ ಹೇಳುವುದುಂಟು. ತಾಯಿ ಹೀಗೆ ಅಟ್ಟದಿಂದ ಅಟ್ಟಕ್ಕೆ ಮರಿಗಳನ್ನು ಸಾಗಿಸುತ್ತಿರುವಷ್ಟರಲ್ಲಿಯೇ ಆ ಅಮೂಲ್ಯವಾದ ವಾರಗಳು ಮನುಷ್ಯನ ಕಣ್ಣಿಗೆ ಬೀಳದೆ ಕಳೆದುಹೋಗುತ್ತವೆ.

ತಳಕಲ್ಲಿನ ಮೂರು ಮರಿಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಎರಡು ಮರಿಗಳು ಐದನೆಯ ವಾರದ ಸುಮಾರಿಗೆ ಈ ಲೇಖಕನ ಮನೆ ಸೇರಿದವು. ಒಂದು ಚಿಕ್ಕ ಕೋಣೆ, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ಗೊತ್ತಾದ ಹೊತ್ತಿಗೆ ಆಹಾರ: ಏರ್ಪಾಡು ಇಷ್ಟೇ. ಊಟದ ಹೊತ್ತಿನಲ್ಲಿ ನೆಲದ ಮೇಲೆ ಸುಮ್ಮನೆ ಕುಳಿತು, ದಿಟ್ಟಿಸಿ ನೋಡದೆ, ಮೊದಲು ಚಮಚದಿಂದ, ಆಮೇಲೆ ಬೆರಳಿನಿಂದ ಉಣಿಸಿದೆವು. ತಿನ್ನುವಾಗ ಭುಜವನ್ನು ಮೆಲ್ಲಗೆ ಸವರಿದೆವು; ಮೇಲಿನಿಂದ ಕೈಚಾಚಲಿಲ್ಲ, ಏಕೆಂದರೆ ಮರಿಗೆ ಅದು ಹದ್ದಿನ ಎರಗುವಿಕೆಯಂತೆ ತೋರುತ್ತದೆ. ಹತ್ತು ದಿನಗಳೊಳಗೆ ಅವೆರಡೂ ತೊಡೆಯೇರಿ ಮಲಗತೊಡಗಿದವು. ಅನಂತರ ನೆರೆಯವರೂ ಮಕ್ಕಳೂ ಅವನ್ನು ಎತ್ತಿಕೊಂಡರು. ಒಬ್ಬರನ್ನೇ ಬಲ್ಲ ಮರಿ ಉಳಿದವರಿಗೆ ಹೆದರುವುದು ತಪ್ಪುವುದಿಲ್ಲ.

ಮೂರನೆಯದು ಮಾಡಿನಲ್ಲಿ ಅವಿತಿದ್ದು, ಸುಮಾರು ಮೂರು ತಿಂಗಳಾದ ಮೇಲೆ ಸಿಕ್ಕಿತು. ಅದನ್ನೂ ಬೇಗ ಒಲಿಸಿಕೊಳ್ಳಬೇಕೆಂಬ ಆತುರದಿಂದ ಈ ಲೇಖಕನು ಅದನ್ನು ಮೂಲೆಗೆ ಒತ್ತಿ ಹಿಡಿದನು, ಅದು ಕಚ್ಚಿತು. ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು, ಅಂದೇ ರೇಬೀಸ್ ಲಸಿಕೆಯನ್ನು ಆರಂಭಿಸಬೇಕಾಯಿತು. ಬೆಕ್ಕಿನಿಂದಲೂ ಆ ರೋಗ ಹರಡಬಲ್ಲದು; ರೋಗಲಕ್ಷಣ ಕಂಡ ಮೇಲೆ ಬದುಕುವ ಆಶೆ ಇಲ್ಲವೆನ್ನಬಹುದು. ಮರಿಯ ಮಟ್ಟಿಗೂ ಆ ಒಂದು ದಿನ ವಾರಗಳ ಶ್ರಮವನ್ನು ಕೆಡಿಸಿತು. ತುಂಗಭದ್ರೆಯ ಆಚೆದಡದ ವಿಜಯನಗರದ ಬಗ್ಗೆ ಹೇಳುವ ತೆನಾಲಿ ರಾಮಕೃಷ್ಣನ ಕಥೆಯನ್ನು ವಾಚಕರು ಬಲ್ಲರು: ಒಮ್ಮೆ ಕುದಿಯುವ ಹಾಲಿಗೆ ಬಾಯಿಟ್ಟ ಬೆಕ್ಕು ಮತ್ತೆಂದೂ ಹಾಲಿನ ಹತ್ತಿರ ಸುಳಿಯಲಿಲ್ಲ. ಕಥೆ ವಿನೋದದ್ದು, ಅದರೊಳಗಿನ ಅನುಭವ ಸತ್ಯವಾದದ್ದು.

ಹಾಲಿನ ಮಾತು ಬಂದುದರಿಂದ ಒಂದು ಎಚ್ಚರಿಕೆ: ಹಸುವಿನ ಹಾಲು ಎಳೆಯ ಮರಿಗೆ ತಾಯಿಹಾಲಿನ ಬದಲಾಗದು, ಅದರಿಂದ ಭೇದಿಯಾಗಿ ಮರಿಗಳು ಸಾಯುವುದುಂಟು. ತಾಯಿಯಿಲ್ಲದ ಮರಿಗೆ ಪಶುವೈದ್ಯರ ಸಲಹೆ ಅವಶ್ಯ. ಇನ್ನೊಂದು: ಹೊಲದಲ್ಲಿ ಕಂಡ ಮರಿಗಳೆಲ್ಲ ಊರಬೆಕ್ಕಿನವಲ್ಲ. ನಿಜವಾದ ಕಾಡುಬೆಕ್ಕು, ಚುಕ್ಕೆಬೆಕ್ಕುಗಳು ನಮ್ಮ ನಾಡಿನಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವುಗಳನ್ನು ಸಾಕುವಂತಿಲ್ಲ. ಸಂದೇಹವಿದ್ದರೆ ಮುಟ್ಟದೆ, ತಾಯಿ ಮರಳಲು ಅವಕಾಶವಿತ್ತು, ಅರಣ್ಯ ಇಲಾಖೆಗೆ ತಿಳಿಸುವುದು ಯೋಗ್ಯ.

ಮೂರನೆಯ ಬೆಕ್ಕು ಇಂದಿಗೂ ಯಾರ ಕೈಗೂ ಬಂದಿಲ್ಲ. ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸಿ, ಅದನ್ನು ಉಗ್ರಾಣಕ್ಕೇ ಬಿಡಲಾಯಿತು. ಅದು ಇಲಿ ಹಿಡಿಯುತ್ತದೆ. ಸಂಜೆ ಬಟ್ಟಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದರೆ ಬಂದು ಉಣ್ಣುತ್ತದೆ. ವಯಸ್ಸಾದ ಇಂತಹ ಬೆಕ್ಕಿಗೆ ಬಲವಂತದ ಸ್ನೇಹಕ್ಕಿಂತ ಈ ದೂರವೇ ಹಿತ. ಉಗ್ರಾಣದವರು ಈಗ ಗೋಣಿಚೀಲದ ಮಾತೆತ್ತುವುದಿಲ್ಲ.

ಒಡಹುಟ್ಟಿದ ಮೂರರಲ್ಲಿ ಎರಡು ತೊಡೆಯ ಮೇಲೆ, ಒಂದು ಹತ್ತು ಹೆಜ್ಜೆಯ ಆಚೆ. ಸ್ವಭಾವದಲ್ಲಿ ಅಷ್ಟಿಷ್ಟು ಭೇದವಿದ್ದೀತು. ಆದರೆ ಕಣ್ಣಿಗೆ ಕಾಣುವ ದೊಡ್ಡ ಅಂತರ ಕೆಲವು ವಾರಗಳದು. ಕಣಜದ ಬಾಗಿಲಲ್ಲಿ ಸಹಸ್ರಾರು ವರ್ಷಗಳ ಹಿಂದೆ ಆದ ಒಪ್ಪಂದವನ್ನು ಪ್ರತಿಯೊಂದು ಮರಿಯೊಡನೆಯೂ ಹೊಸದಾಗಿ ಮಾಡಿಕೊಳ್ಳಬೇಕಾಗುತ್ತದೆ. ಅದಕ್ಕಿರುವ ಅವಧಿ ಬಹಳ ಚಿಕ್ಕದು.